ವೇಳಾಪಟ್ಟಿಯಿಲ್ಲದೆ ಖಂಡ ದಾಟುವ ಒಂಟಿ ಪ್ರಯಾಣ: ಏನನ್ನು ತೆರೆದಿಡಬಹುದು, ಏನನ್ನು ಗಟ್ಟಿ ಮಾಡಿಕೊಳ್ಳಬೇಕು

ಪ್ರಶ್ನೆ: ಒಂದೂವರೆ ವರ್ಷ ಒಂಟಿಯಾಗಿ ಸುತ್ತಬೇಕೆಂದಿದ್ದೇನೆ. ಏಷ್ಯಾದಿಂದ ಹೊರಟು ಯುರೋಪು, ಆಫ್ರಿಕಾ, ಕೊನೆಗೆ ದಕ್ಷಿಣ ಅಮೆರಿಕ ಎನ್ನುವುದಷ್ಟೇ ಮನಸ್ಸಿನಲ್ಲಿರುವುದು. ಇಷ್ಟವಾದ ಊರಲ್ಲಿ ಉಳಿಯುವುದು, ಸಾಕೆನಿಸಿದಾಗ ಹೊರಡುವುದು. ಮೊದಲ ಟಿಕೆಟ್ ಬಿಟ್ಟು ಬೇರೇನನ್ನೂ ಕಾಯ್ದಿರಿಸಲು ಇಷ್ಟವಿಲ್ಲ. ಇದು ನಿಜಕ್ಕೂ ನಡೆಯುತ್ತದೆಯೇ? ಹೊರಡುವ ಮೊದಲು ಯಾವುದನ್ನು ಮಾಡಿಕೊಳ್ಳಲೇಬೇಕು?

ಉತ್ತರ: ನಡೆಯುತ್ತದೆ. ಊರುಗಳನ್ನು ತೆರೆದಿಡಿ, ದಾರಿಯನ್ನೂ ತೆರೆದಿಡಿ. ಮೂರು ವಿಷಯಗಳನ್ನು ಮಾತ್ರ ಸದಾ ಲೆಕ್ಕದಲ್ಲಿಟ್ಟುಕೊಳ್ಳಿ: ಈಗಿರುವ ದೇಶದಲ್ಲಿ ಉಳಿದಿರುವ ದಿನಗಳು, ಮುಂದೆ ಹೋಗಲಿರುವ ಕಡೆಯ ಹವಾಮಾನ, ಅಲ್ಲಿಗೆ ದಾಟುವ ಗಡಿ. ಯೋಜನೆಯಿಲ್ಲದೆ ಹೊರಟವರು ನಡುದಾರಿಯಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಈ ಮೂರರಲ್ಲಿ ಒಂದನ್ನು ಎರಡು ವಾರ ತಡವಾಗಿ ಗಮನಿಸಿದ್ದರಿಂದ.

ಮೊದಲು ವೀಸಾ, ಏಕೆಂದರೆ ಖಂಡಗಳ ಅನುಕ್ರಮವನ್ನೇ ಅದು ಬದಲಿಸುತ್ತದೆ. ನಿಮ್ಮ ಪಾಸ್‌ಪೋರ್ಟ್‌ಗೆ ಬೇಕಾಗುವ ವೀಸಾಗಳನ್ನು ಎರಡು ಗುಂಪು ಮಾಡಿ. ಒಂದು, ದಾರಿಯಲ್ಲೇ ಸಿಗುವಂಥವು: ಗಡಿಯಲ್ಲಿ ಕೊಡುವವು, ಇ-ವೀಸಾಗಳು, ನೆರೆ ದೇಶದ ರಾಯಭಾರ ಕಚೇರಿಯಲ್ಲಿ ಕೆಲವೇ ದಿನಗಳಲ್ಲಿ ಆಗುವವು. ಇನ್ನೊಂದು, ನೀವು ಕಾನೂನುಬದ್ಧವಾಗಿ ವಾಸಿಸುವ ದೇಶದಿಂದಲೇ ಅರ್ಜಿ ಹಾಕಬೇಕಾದವು. ಯುರೋಪಿನ ಬಹುಪಾಲು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಈ ಎರಡನೇ ಗುಂಪಿಗೆ ಸೇರುತ್ತದೆ. ಪ್ರಯಾಣಕ್ಕೆ 6 ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, 15 ದಿನಕ್ಕಿಂತ ತಡವಾಗಿಯೂ ಹಾಕುವಂತಿಲ್ಲ. ಪ್ರವಾಸಿಯಾಗಿ ತಿಂಗಳ ಮಟ್ಟಿಗೆ ತಂಗಿರುವ ಮೂರನೇ ದೇಶದಲ್ಲಿ ಅದನ್ನು ಸಾಮಾನ್ಯವಾಗಿ ಸ್ವೀಕರಿಸುವುದೇ ಇಲ್ಲ. ಹಾಗಾಗಿ ನಿಮಗೆ ಷೆಂಗೆನ್ ವೀಸಾ ಬೇಕಾಗುವುದಾದರೆ, ಎಂಟು ತಿಂಗಳು ಏಷ್ಯಾ ಸುತ್ತಿ ಆಮೇಲೆ ಯುರೋಪು ಎಂಬ ಆಲೋಚನೆ ಇಲ್ಲೇ ಮುರಿದುಬೀಳುತ್ತದೆ. ಒಂದೋ ಯುರೋಪನ್ನು ಮೊದಲ ಆರು ತಿಂಗಳೊಳಗೆ ತನ್ನಿ, ಇಲ್ಲವೇ ದೀರ್ಘಾವಧಿಯ ಬಹುಪ್ರವೇಶ ವೀಸಾ ಪಡೆದುಕೊಂಡು ಹೊರಡಿ. ನನ್ನ ಸಲಹೆ ಮೊದಲನೆಯದು. ಚಾಲ್ತಿಯಲ್ಲಿರುವ ಷೆಂಗೆನ್ ಅಥವಾ ಅಮೆರಿಕದ ವೀಸಾ ಬೇರೆ ಬಾಗಿಲುಗಳನ್ನೂ ತೆರೆಯುತ್ತದೆ ಎಂಬುದನ್ನು ಮರೆಯಬೇಡಿ. ಅಂಥ ವೀಸಾ ಇದ್ದವರನ್ನು ಮೆಕ್ಸಿಕೊ, ಅಲ್ಬೇನಿಯಾ, ಜಾರ್ಜಿಯಾ ಬೇರೆ ವೀಸಾ ಇಲ್ಲದೆ ಒಳಬಿಡುತ್ತವೆ. ಟರ್ಕಿ ಹಲವು ದೇಶದವರಿಗೆ ಇದರ ಆಧಾರದ ಮೇಲೆ ಇ-ವೀಸಾ ಕೊಡುತ್ತದೆ. ಷರತ್ತುಗಳು ಬೇರೆ ಬೇರೆ ಇರುತ್ತವೆ. ಬಹುಪ್ರವೇಶವೇ ಆಗಬೇಕೇ, ಒಮ್ಮೆ ಬಳಸಿರಬೇಕೇ ಎಂಬುದನ್ನು ಆಯಾ ದೇಶದ ವಿದೇಶಾಂಗ ಇಲಾಖೆಯ ಪುಟದಲ್ಲೇ ಓದಿಕೊಳ್ಳಿ.

ಷೆಂಗೆನ್‌ನ 90 ದಿನದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಹೊರಗೆ ಹೋಗಿಬಂದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ನಿಯಮ ಇಷ್ಟು: ನೀವು ಒಳಗಿರುವ ಪ್ರತಿ ದಿನವೂ, ಆ ದಿನವನ್ನು ಸೇರಿಸಿ ಹಿಂದಿನ 180 ದಿನಗಳನ್ನು ನೋಡಿದಾಗ ಒಳಗಿದ್ದ ದಿನಗಳು 90 ಮೀರಬಾರದು. ಒಳಬಂದ ದಿನವೂ ಹೊರಟ ದಿನವೂ ಎಣಿಕೆಗೆ ಸೇರುತ್ತವೆ. ಮಾರ್ಚ್ 1ಕ್ಕೆ ಒಳಬಂದು ಏಪ್ರಿಲ್ 29ಕ್ಕೆ ಹೊರಟಿರಿ ಎಂದುಕೊಳ್ಳಿ. 31 ಮತ್ತು 29 ಸೇರಿ 60 ದಿನ. ಬಾಲ್ಕನ್ ದೇಶಗಳನ್ನು ಸುತ್ತಿ ಜುಲೈ 10ಕ್ಕೆ ಮತ್ತೆ ಬಂದಿರಿ. ಅಂದಿನಿಂದ ಹಿಂದಕ್ಕೆ 180 ದಿನ ಎಂದರೆ ಜನವರಿ 12. ಹಳೆಯ 60 ದಿನ ಪೂರ್ತಿ ಅದರೊಳಗಿವೆ, ಉಳಿದದ್ದು 30 ಮಾತ್ರ. ಆಗಸ್ಟ್ 8ಕ್ಕೆ ಅದು ಮುಗಿಯಿತು, ಅಂದೇ ಹೊರಡಬೇಕು. ಮಾರ್ಚ್ 1 ಎಣಿಕೆಯಿಂದ ಜಾರಿಹೋಗುವುದು ಆಗಸ್ಟ್ 28ಕ್ಕೆ. ನಡುವಿನ 19 ದಿನ ಹೊರಗೇ ಇರಬೇಕು. 28ರಿಂದ ದಿನಕ್ಕೊಂದು ಹಳೆಯ ದಿನ ಉದುರುತ್ತಾ ಹೊಸ ದಿನಕ್ಕೆ ಜಾಗವಾಗುತ್ತದೆ. ವೀಸಾ ಚೀಟಿಯಲ್ಲಿ ಇನ್ನೂ ಕಡಿಮೆ ದಿನ ಬರೆದಿದ್ದರೆ ಆ ಸಂಖ್ಯೆಯೇ ಅಂತಿಮ. 2025ರ ಅಕ್ಟೋಬರ್‌ನಿಂದ ಈ ಗಡಿಗಳಲ್ಲಿ ಮೊಹರಿನ ಬದಲು ಬೆರಳಚ್ಚು ಮತ್ತು ಮುಖಚಿತ್ರದ ವಿದ್ಯುನ್ಮಾನ ದಾಖಲೆ ಹಂತಹಂತವಾಗಿ ಬಂದಿದೆ. ಮಸುಕಾದ ಮೊಹರು ಅಧಿಕಾರಿಯ ಕಣ್ಣು ತಪ್ಪುತ್ತಿದ್ದ ಕಾಲ ಮುಗಿಯಿತು. ಒಂದು ದಿನ ಮೀರಿದರೂ ಯಂತ್ರ ತೋರಿಸುತ್ತದೆ. ಹೊರಗಿರಬೇಕಾದ ದಿನಗಳಿಗೆ ಸರ್ಬಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಉತ್ತರ ಮ್ಯಾಸಿಡೋನಿಯಾ, ಅಲ್ಬೇನಿಯಾ, ಟರ್ಕಿ ಇವೆ. ಕ್ರೊಯೇಷಿಯಾ, ರೊಮೇನಿಯಾ, ಬಲ್ಗೇರಿಯಾ ಈಗ ಷೆಂಗೆನ್ ಒಳಗೇ ಸೇರಿವೆ. ಹಳೆಯ ಮಾಹಿತಿ ನಂಬಿ ಅಲ್ಲಿಗೆ ಹೋದರೆ ಎಣಿಕೆ ನಿಲ್ಲುವುದಿಲ್ಲ.

ಪಾಸ್‌ಪೋರ್ಟ್ ಬಗ್ಗೆ: ಅನೇಕ ದೇಶಗಳು ಇನ್ನೂ 6 ತಿಂಗಳು ಚಾಲ್ತಿಯಲ್ಲಿರಬೇಕೆಂದು ಕೇಳುತ್ತವೆ. ಆದ್ದರಿಂದ ಹತ್ತು ವರ್ಷದ ಪಾಸ್‌ಪೋರ್ಟನ್ನು ಒಂಬತ್ತೂವರೆ ವರ್ಷದ್ದೆಂದೇ ಎಣಿಸಿ. ನಿಮ್ಮದರಲ್ಲಿ ಎರಡೂವರೆ ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊರಡುವ ಮೊದಲೇ ಹೊಸದು ಮಾಡಿಸಿ. ಖಾಲಿ ಪುಟಗಳನ್ನೂ ಎಣಿಸಿ. ಆಫ್ರಿಕಾದ ಹಲವು ವೀಸಾಗಳು ಪೂರ್ತಿ ಪುಟ ತಿನ್ನುತ್ತವೆ, ದಕ್ಷಿಣ ಆಫ್ರಿಕಾ ಎರಡು ಖಾಲಿ ಪುಟ ಕೇಳುತ್ತದೆ. ಹೆಚ್ಚು ಪುಟದ ಪುಸ್ತಕ ಸಿಗುವುದಾದರೆ ಅದನ್ನೇ ಕೇಳಿ ಪಡೆಯಿರಿ. ಹೊರದೇಶದಲ್ಲಿ ನವೀಕರಣಕ್ಕೆ ಕೊಟ್ಟರೆ ವಾರಗಟ್ಟಲೆ ಒಂದೇ ಊರಲ್ಲಿ ಕೂರಬೇಕು. ಆ ವಾರಗಳು ಆ ದೇಶದ ವೀಸಾ ಅವಧಿಯನ್ನೇ ತಿನ್ನುತ್ತವೆ.

ಒಂದು ಕಡೆಯ ಟಿಕೆಟ್‌ನವರಿಗೆ ತೊಂದರೆ ಬರುವುದು ಬಹುಪಾಲು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ, ಇಮಿಗ್ರೇಷನ್‌ಗೆ ಮುಂಚೆಯೇ. ಪ್ರವೇಶ ಸಿಗದ ಪ್ರಯಾಣಿಕರನ್ನು ಕರೆತಂದರೆ ವಿಮಾನ ಕಂಪನಿಗೆ ದಂಡ, ಮರಳಿ ಒಯ್ಯುವ ಹೊಣೆಯೂ ಅದರದ್ದೇ. ಅಲ್ಲಿನ ಸಿಬ್ಬಂದಿ ಟಿಮ್ಯಾಟಿಕ್ ಎಂಬ ದತ್ತಾಂಶದಲ್ಲಿ ನಿಮ್ಮ ಪಾಸ್‌ಪೋರ್ಟ್‌ಗೆ ಅನ್ವಯಿಸುವ ಸಾಲುಗಳನ್ನು ನೋಡುತ್ತಾರೆ. ‘ಮುಂದಿನ ಪ್ರಯಾಣದ ಟಿಕೆಟ್ ಬೇಕು’ ಎಂದಿದ್ದರೆ ವಾದಕ್ಕೆ ಜಾಗವಿಲ್ಲ. ಪೂರ್ತಿ ಹಣ ಮರಳುವ ಟಿಕೆಟ್ ತೆಗೆದು ಆಮೇಲೆ ರದ್ದು ಮಾಡಬಹುದು, ಅಥವಾ ನೆರೆ ದೇಶಕ್ಕೆ ಅತಿ ಅಗ್ಗದ ವಿಮಾನವನ್ನು ನಿಜವಾಗಿಯೇ ಕೊಳ್ಳಬಹುದು. ಬಸ್ ಟಿಕೆಟನ್ನು ಭೂಗಡಿಯಲ್ಲಿ ಒಪ್ಪುವುದುಂಟು, ಕೌಂಟರಿನಲ್ಲಿ ಒಪ್ಪದಿರುವುದೂ ಉಂಟು. ತಿದ್ದಿ ತಯಾರಿಸಿದ ನಕಲಿ ಟಿಕೆಟ್ ಮಾತ್ರ ಬೇಡ. ಕಾಯ್ದಿರಿಸಿದ ಸಂಖ್ಯೆಯನ್ನು ಅಲ್ಲೇ ಒತ್ತಿ ನೋಡುತ್ತಾರೆ. ಸಿಕ್ಕಿಬಿದ್ದರೆ ವಿಮಾನವೂ ತಪ್ಪುತ್ತದೆ, ವಂಚನೆಯ ಗುರುತೂ ಉಳಿಯಬಹುದು.

ಭೂಗಡಿಗಳಲ್ಲಿ ಬೇರೆಯೇ ಎಚ್ಚರ ಬೇಕು. ಎರಡು ದೇಶಗಳ ಕಚೇರಿಗಳು ಎಷ್ಟೋ ಕಡೆ ಕೆಲವು ನೂರು ಮೀಟರ್ ದೂರದಲ್ಲಿರುತ್ತವೆ. ಸಂತೆಯ ನೂಕುನುಗ್ಗಲಲ್ಲಿ ನಿರ್ಗಮನ ಕಚೇರಿಯನ್ನು ನೋಡದೆಯೇ ದಾಟಿಬಿಡಬಹುದು. ಪೆರು ಮತ್ತು ಬೊಲಿವಿಯಾ ನಡುವಿನ ದೆಸಾಗ್ವಾದೆರೊ ಅಂಥ ಜಾಗ. ನಿರ್ಗಮನದ ಮೊಹರಿಲ್ಲದೆ ಆಚೆಯವರು ಪ್ರವೇಶದ ಮೊಹರು ಹಾಕುವುದಿಲ್ಲ. ಹಾಗೇ ಮುಂದೆ ಹೋದರೆ ತಿಂಗಳ ನಂತರ ಹೊರಡುವಾಗ ‘ಅಕ್ರಮ ಪ್ರವೇಶ’ದ ದಂಡ. ಕಿಟಕಿ ಬಿಟ್ಟು ಕದಲುವ ಮೊದಲು ಪುಟ ತೆರೆದು ದಿನಾಂಕ ಸರಿಯಿದೆಯೇ, ಎಷ್ಟು ದಿನ ಕೊಟ್ಟಿದ್ದಾರೆ ಎಂದು ಓದಿ. 90 ಸಿಗಬೇಕಾದಲ್ಲಿ 30 ಬರೆದಿದ್ದರೆ ಆ ಕ್ಷಣದಲ್ಲಿ ತಿದ್ದಿಸುವುದು ಸುಲಭ, ನಾಳೆ ಕಷ್ಟ. ಮೊಹರಿನ ಫೋಟೊ ಅಲ್ಲೇ ತೆಗೆದಿಡಿ. ದೇಶ ಬದಲಾದರೂ ದಿನಗಳು ಮುಂದುವರಿಯುವ ಒಪ್ಪಂದಗಳೂ ಇವೆ: ಗ್ವಾಟೆಮಾಲಾ, ಎಲ್ ಸಾಲ್ವಡೋರ್, ಹೊಂಡುರಾಸ್, ನಿಕರಾಗುವಾ ನಾಲ್ಕಕ್ಕೂ ಸೇರಿ 90 ದಿನ.

ನಕ್ಷೆಯಲ್ಲಿ ಗೆರೆ ಇದೆಯೆಂದು ದಾರಿ ಇದೆ ಎಂದುಕೊಳ್ಳಬೇಡಿ. ಉತ್ತರ, ದಕ್ಷಿಣ ಅಮೆರಿಕಗಳ ಉದ್ದಕ್ಕೂ ಸಾಗುವ ಪ್ಯಾನ್ ಅಮೆರಿಕನ್ ಹೆದ್ದಾರಿ ಪನಾಮಾದ ಯಾವಿಸಾದಲ್ಲಿ ನಿಂತುಹೋಗುತ್ತದೆ. ಅಲ್ಲಿಂದ ಕೊಲಂಬಿಯಾವರೆಗೆ ಸುಮಾರು 100 ಕಿ.ಮೀ. ಡಾರಿಯನ್ ಕಾಡು, ರಸ್ತೆಯಿಲ್ಲ, ಅದು ಪ್ರವಾಸಿ ಕಾಲಿಡಬೇಕಾದ ಜಾಗವೂ ಅಲ್ಲ. ವಿಮಾನ ಹತ್ತಿ, ಇಲ್ಲವೇ ಸಾನ್ ಬ್ಲಾಸ್ ದ್ವೀಪಗಳ ಮೂಲಕ ಕಾರ್ತಹೇನಾಕ್ಕೆ ನಾಲ್ಕೈದು ದಿನದ ಹಾಯಿದೋಣಿ ಹಿಡಿಯಿರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿನ ಗಾಳಿ ಜೋರು. ಮೊರಾಕೊ ಮತ್ತು ಅಲ್ಜೀರಿಯಾದ ಭೂಗಡಿ 1994ರಿಂದ ಮುಚ್ಚಿದೆ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಮೇಲೆ ಸುಡಾನ್ ಮೂಲಕ ಈಜಿಪ್ಟ್‌ನಿಂದ ಇಥಿಯೋಪಿಯಾಕ್ಕೆ ಇಳಿಯುವ ಹಳೆಯ ದಾರಿ ಕಡಿದುಹೋಯಿತು. ಕೈರೋದಿಂದ ನೈರೋಬಿ ಅಥವಾ ಅಡಿಸ್ ಅಬಾಬಾಗೆ ಹಾರಿ ಅಲ್ಲಿಂದ ನೆಲ ಹಿಡಿಯುವುದೇ ವಿವೇಕ. 2020ರಲ್ಲಿ ಕೋವಿಡ್ ಕಾರಣಕ್ಕೆ ಮುಚ್ಚಿದ ಅಜರ್‌ಬೈಜಾನ್ ಭೂಗಡಿಯಂತೂ ಸಾಮಾನ್ಯ ಪ್ರಯಾಣಿಕರಿಗೆ ವರ್ಷಗಳ ನಂತರವೂ ತೆರೆಯಲಿಲ್ಲ. ಕ್ಯಾಸ್ಪಿಯನ್ ಸಮುದ್ರ ದಾಟುವ ಸರಕು ಹಡಗಿಗೆ ವೇಳಾಪಟ್ಟಿಯೇ ಇಲ್ಲ. ಲಾರಿಗಳು ತುಂಬಿದಾಗ ಹೊರಡುತ್ತದೆ, ಗಾಳಿ ಹೆಚ್ಚಿದ್ದರೆ ಬಂದರಿನ ಹೊರಗೇ ದಿನಗಟ್ಟಲೆ ಲಂಗರು ಹಾಕಿ ನಿಲ್ಲುತ್ತದೆ. ಇಂಥ ಕಡೆ ಮುಂದಿನ ದೇಶದ ವೀಸಾ ನಿಗದಿತ ದಿನಾಂಕದಿಂದ ಶುರುವಾಗುವಂಥದ್ದಾದರೆ ನೀವು ನೀರಿನ ಮೇಲಿರುವಾಗಲೇ ಅದು ಕರಗುತ್ತಿರುತ್ತದೆ. ಪ್ರತಿ ಖಂಡ ದಾಟುವುದಕ್ಕೂ ಒಂದು ವಿಮಾನದ ಹಣವನ್ನು ಬೇರೆಯೇ ಎತ್ತಿಡಿ.

ಹವಾಮಾನಕ್ಕೆ ತಿಂಗಳುಗಳ ಒಂದು ಒರಟು ನಕ್ಷೆ ಸಾಕು. ತಜಕಿಸ್ತಾನದ ಪಾಮಿರ್ ಹೆದ್ದಾರಿಗೆ ಜೂನ್‌ನಿಂದ ಸೆಪ್ಟೆಂಬರ್, ಜೊತೆಗೆ ಗೋರ್ನೊ-ಬದಖ್‌ಶಾನ್ ಪ್ರಾಂತ್ಯದ ಪ್ರತ್ಯೇಕ ಪರವಾನಗಿ. ಉತ್ತರ ಥಾಯ್ಲೆಂಡ್ ಮತ್ತು ಲಾವೋಸ್‌ನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡು ಸುಡುವ ಹೊಗೆ. ಉಸಿರಾಟದ ತೊಂದರೆ ಇದ್ದವರು ಆಗ ದಕ್ಷಿಣಕ್ಕೆ ಸರಿಯಬೇಕು. ಪೂರ್ವ ಆಫ್ರಿಕಾದ ದೊಡ್ಡ ಮಳೆ ಮಾರ್ಚ್‌ನಿಂದ ಮೇ. ಆಂಡೀಸ್‌ನಲ್ಲಿ ಡಿಸೆಂಬರ್‌ನಿಂದ ಮಾರ್ಚ್ ಮಳೆ, ಗುಡ್ಡ ಕುಸಿದು ಬಸ್ಸುಗಳು ನಿಲ್ಲುತ್ತವೆ. ಆದರೆ ಪ್ಯಾಟಗೋನಿಯಾಕ್ಕೆ ಹೋಗಬೇಕಾದದ್ದು ಅದೇ ತಿಂಗಳುಗಳಲ್ಲಿ, ನವೆಂಬರ್‌ನಿಂದ ಮಾರ್ಚ್. ಹಾಗಾಗಿ ದಕ್ಷಿಣ ಅಮೆರಿಕಕ್ಕೆ ಅಕ್ಟೋಬರ್ ಕೊನೆಗೆ ಬಂದವರು ತುದಿಯಿಂದ ಉತ್ತರಕ್ಕೆ ಏರಬೇಕು, ಏಪ್ರಿಲ್‌ನಲ್ಲಿ ಬಂದವರು ಉತ್ತರದಿಂದ ಇಳಿಯಬೇಕು. ಯಾವ ಊರು ಎಂಬುದು ನಿಮ್ಮಿಷ್ಟ, ಯಾವ ದಿಕ್ಕು ಎಂಬುದನ್ನು ತಿಂಗಳು ಹೇಳುತ್ತದೆ.

ಆರೋಗ್ಯದ ಸಿದ್ಧತೆಯನ್ನು ಹೊರಡುವುದಕ್ಕೆ ಏಳು ತಿಂಗಳು ಮೊದಲು ಶುರು ಮಾಡಿ. ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳಿಗೆ ಹಂಚಿಹೋಗುತ್ತದೆ. ಹಳದಿ ಜ್ವರದ ಲಸಿಕೆ ಒಂದೇ ಡೋಸ್. ಪ್ರಮಾಣಪತ್ರ ಹತ್ತನೇ ದಿನದಿಂದ ಮಾನ್ಯ, 2016ರಿಂದ ಜೀವನಪೂರ್ತಿ ಮಾನ್ಯ. ನೀವು ಎಲ್ಲಿಂದ ಬಂದಿರಿ ಎಂಬುದರ ಮೇಲೆ ಇದನ್ನು ಕೇಳುತ್ತಾರೆ. ಕೀನ್ಯಾ, ಉಗಾಂಡಾ, ಬ್ರೆಜಿಲ್‌ನಂಥ ದೇಶದಿಂದ ಮುಂದೆ ಹೊರಟಾಗ ಇದಿಲ್ಲದೆ ತಡೆಯಬಹುದು. ಅಲ್ಲಿನ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದಿದ್ದರೂ ಕೆಲವರು ಎಣಿಸುತ್ತಾರೆ. ಇದು ಜೀವಂತ ವೈರಾಣುವಿನ ಲಸಿಕೆ. 60 ದಾಟಿದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು.

ರೇಬಿಸ್ ಬಗ್ಗೆ ಒತ್ತಿ ಹೇಳಬೇಕು. ಮುಂಚಿತವಾಗಿ 0 ಮತ್ತು 7ನೇ ದಿನ ಎರಡು ಡೋಸ್ ತೆಗೆದುಕೊಂಡಿದ್ದರೆ, ನಾಯಿ ಅಥವಾ ಕೋತಿ ಕಚ್ಚಿದಾಗ ಇನ್ನೆರಡು ಡೋಸ್, ಅಂದೇ ಒಂದು, ಮೂರನೇ ದಿನ ಒಂದು, ಸಾಕಾಗುತ್ತದೆ. ತೆಗೆದುಕೊಂಡಿರದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಮದ್ದು ಚುಚ್ಚಬೇಕು. ಅದು ಸಣ್ಣ ಊರುಗಳಲ್ಲಿ ಇರುವುದಿಲ್ಲ, ಕೆಲವೊಮ್ಮೆ ಇಡೀ ದೇಶದಲ್ಲೇ ಸಿಗುವುದಿಲ್ಲ. ಎರಡೂ ಸಂದರ್ಭದಲ್ಲಿ ಮೊದಲ ಕೆಲಸ ಒಂದೇ: ಹರಿಯುವ ನೀರು ಮತ್ತು ಸೋಪಿನಲ್ಲಿ ಗಾಯವನ್ನು 15 ನಿಮಿಷ ತೊಳೆಯುವುದು. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಹದಿನೈದು ನಿಮಿಷ ನಾವು ಅಂದುಕೊಳ್ಳುವುದಕ್ಕಿಂತ ಬಹಳ ದೀರ್ಘ.

ಮಲೇರಿಯಾ ತಡೆಗೆ ಯಾವ ಮಾತ್ರೆ ಎಂಬುದು ವೈದ್ಯರ ನಿರ್ಧಾರ. ದಾರಿ ಗೊತ್ತಿಲ್ಲದವರು ಮರೆಯುವುದು ಬಾಲದ ಡೋಸನ್ನು: ಡಾಕ್ಸಿಸೈಕ್ಲಿನ್ ಆದರೆ ಮಲೇರಿಯಾ ಪ್ರದೇಶ ಬಿಟ್ಟ ಮೇಲೂ 4 ವಾರ, ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ. ಎತ್ತರದ ಊರುಗಳಿಗೆ ಮೆಟ್ಟಿಲು ಹತ್ತಿದಂತೆ ಹೋಗಿ. ಲೀಮಾದಿಂದ ನೇರವಾಗಿ ಲಾ ಪಾಸ್‌ಗೆ ಹಾರಿದರೆ ಸಮುದ್ರಮಟ್ಟದಿಂದ ಒಂದೇ ಏಟಿಗೆ 4,000 ಮೀಟರ್ ಮೇಲಿನ ಎಲ್ ಆಲ್ಟೊ ನಿಲ್ದಾಣದಲ್ಲಿ ಇಳಿಯುತ್ತೀರಿ. ಅದರ ಬದಲು ಬಸ್ಸಿನಲ್ಲಿ 2,300 ಮೀಟರಿನ ಅರೆಕೀಪಾದಲ್ಲಿ ಮೂರ್ನಾಲ್ಕು ದಿನ, ಆಮೇಲೆ 3,400 ಮೀಟರಿನ ಕುಸ್ಕೊ, ಆಮೇಲೆ ಲಾ ಪಾಸ್. ಚಾರಣದಲ್ಲಿ 3,000 ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ. ತಲೆನೋವು ಜೋರಾಗುತ್ತಾ ನಡಿಗೆ ತೂರಾಡಿದರೆ ರಾತ್ರಿಯಾದರೂ ಕೆಳಗಿಳಿಯಬೇಕು. ಒಂಟಿ ಪ್ರಯಾಣಿಕರು ಆ ತೂರಾಟವನ್ನು ತಾವಾಗಿ ಗುರುತಿಸಲಾರರು, ಅದಕ್ಕೇ ಎತ್ತರದ ಚಾರಣಕ್ಕೆ ಗುಂಪು ಸೇರಿಕೊಳ್ಳಿ.

ಔಷಧಿಗಳನ್ನು ಮೂಲ ಪೊಟ್ಟಣದಲ್ಲೇ, ಜೆನೆರಿಕ್ ಹೆಸರಿರುವ ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ನೋವಿನ ಟ್ರಾಮಡಾಲ್ ಈಜಿಪ್ಟ್ ಮತ್ತು ಯುಎಇಯಲ್ಲಿ ನಿಯಂತ್ರಿತ ಔಷಧ, ಆಂಫೆಟಮಿನ್ ಇರುವ ಏಕಾಗ್ರತೆಯ ಮಾತ್ರೆ ಜಪಾನಿನಲ್ಲಿ ಪೂರ್ತಿ ನಿಷಿದ್ಧ. ದಾರಿ ತೀರ್ಮಾನವಾಗದವರು ಇಂಥವನ್ನು ಚೀಲದಿಂದ ಹೊರಗಿಡುವುದೇ ಕ್ಷೇಮ. ಬೇಕೇಬೇಕಾದವರು ಪ್ರತಿ ದೇಶದ ನಿಯಮವನ್ನು ಮೊದಲು ಓದಬೇಕು.

ವಿಮೆಯಲ್ಲಿ ನಾಲ್ಕು ಸಾಲುಗಳನ್ನು ಹುಡುಕಿ ಓದಿ: ಒಂದು ಪ್ರಯಾಣಕ್ಕೆ ಗರಿಷ್ಠ ಎಷ್ಟು ದಿನ (ವಾರ್ಷಿಕ ಪಾಲಿಸಿ ಎಂದರೂ ಎಷ್ಟೋ ಸಲ ಪ್ರತಿ ಪ್ರಯಾಣಕ್ಕೆ ಒಂದೆರಡು ತಿಂಗಳಷ್ಟೇ), ಹೊರದೇಶದಲ್ಲಿದ್ದುಕೊಂಡೇ ವಿಸ್ತರಿಸಬಹುದೇ, ಎಷ್ಟು ಎತ್ತರದವರೆಗೆ ಚಾರಣ ಸೇರಿದೆ, ದ್ವಿಚಕ್ರ ವಾಹನಕ್ಕೆ ಏನು ಷರತ್ತು. ಕೊನೆಯದರಲ್ಲೇ ಹೆಚ್ಚು ಜನ ಕೆಡುತ್ತಾರೆ. ಬಾಡಿಗೆ ಕೊಡುವವರು ಪರವಾನಗಿ ಕೇಳದಿರಬಹುದು. ನಿಮ್ಮ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ ಮೋಟರ್‌ಸೈಕಲ್ ವರ್ಗಕ್ಕೆ ಮೊಹರಿಲ್ಲದಿದ್ದರೆ ಅಪಘಾತದ ಆಸ್ಪತ್ರೆ ಬಿಲ್ಲನ್ನು ವಿಮೆ ಕೊಡುವುದಿಲ್ಲ. ತುರ್ತು ವೈದ್ಯಕೀಯ ಸಾಗಣೆ ಇಲ್ಲದ ಪಾಲಿಸಿಯನ್ನು ಕೊಳ್ಳಲೇಬೇಡಿ.

ಹಣಕ್ಕೆ ಬೇರೆ ಬೇರೆ ಬ್ಯಾಂಕಿನ, ಒಂದು ವೀಸಾ ಒಂದು ಮಾಸ್ಟರ್‌ಕಾರ್ಡ್ ಜಾಲದ ಕಾರ್ಡುಗಳು, ಬೇರೆ ಬೇರೆ ಚೀಲದಲ್ಲಿ. ಕಾರ್ಡಿನ ಅವಧಿ ಮುಗಿಯುವ ತಿಂಗಳನ್ನು ನೋಡಿ. ಹದಿನಾಲ್ಕನೇ ತಿಂಗಳಲ್ಲಿ ಅದು ಮುಗಿದರೆ ಹೊಸ ಕಾರ್ಡ್ ಹೋಗುವುದು ನಿಮ್ಮ ಮನೆಯ ವಿಳಾಸಕ್ಕೆ. ರಷ್ಯಾದಲ್ಲಿ 2022ರ ಮಾರ್ಚ್‌ನಿಂದ ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್ ಕೆಲಸ ಮಾಡುವುದಿಲ್ಲ, ಇರಾನಿನಲ್ಲೂ ಇಲ್ಲ. ಕೆಲವು ನೂರು ಡಾಲರ್ ನಗದು ಇಟ್ಟುಕೊಳ್ಳಿ, ಹೊಸ ಮುದ್ರಣದ, ಮಡಿಕೆ, ಕಲೆ ಇಲ್ಲದ ನೋಟುಗಳು; ಪೂರ್ವ ಆಫ್ರಿಕಾದಲ್ಲಿ 2006ಕ್ಕಿಂತ ಹಳೆಯವನ್ನು ಮುಟ್ಟದ ಕೌಂಟರುಗಳಿವೆ. ಎಟಿಎಂ ‘ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎನ್ನಿ, ಆ ದರ ಸಾಮಾನ್ಯವಾಗಿ ದುಬಾರಿ.

ಬ್ಯಾಂಕಿನ ಒಟಿಪಿ ಮನೆಯ ಸಿಮ್ಮಿಗೇ ಬರುವುದರಿಂದ ಅದನ್ನು ರೋಮಿಂಗ್‌ನಲ್ಲಿ ಜೀವಂತವಾಗಿಡಿ, ಇಂಟರ್‌ನೆಟ್‌ಗೆ ಇ-ಸಿಮ್ ಬಳಸಿ. ಆಮೇಲೆ ಹೊರಡುವುದಕ್ಕೆ ತಿಂಗಳು ಮೊದಲು ಒಂದು ಪರೀಕ್ಷೆ ಮಾಡಿ. ಫೋನನ್ನು ಆಫ್ ಮಾಡಿ ಬೀರುವಿನಲ್ಲಿಡಿ. ಪರಿಚಯದವರ ಕಂಪ್ಯೂಟರಿನ ಮುಂದೆ ಕುಳಿತು, ಪ್ರಯಾಣದ ಚೀಲದಲ್ಲಿ ಇರಲಿರುವ ವಸ್ತುಗಳಷ್ಟನ್ನೇ ಬಳಸಿ ನಿಮ್ಮ ಇಮೇಲ್ ತೆರೆಯಲು ನೋಡಿ. ‘ಫೋನಿಗೆ ಬಂದ ಸಂಖ್ಯೆ ಒತ್ತಿ’ ಎಂಬ ಪರದೆ ಬಂದು ನೀವು ಅಲ್ಲೇ ನಿಂತರೆ, ಫೋನ್ ಕಳೆದ ದಿನ ಹಣ, ವಿಮೆ, ಟಿಕೆಟ್ ಮೂರೂ ಒಟ್ಟಿಗೆ ಕೈಬಿಡುತ್ತವೆ ಎಂದರ್ಥ. ಫೋನಿಲ್ಲದೆ ಖಾತೆ ತೆರೆಯಲು ಇಮೇಲ್ ಸೇವೆ ಮೊದಲೇ ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಬೆಲ್ಟಿನ ಒಳಜೇಬಿಗೆ ಸೇರಿಸಿ, ಮತ್ತೆ ಪ್ರಯತ್ನಿಸಿ, ತೆರೆಯುವವರೆಗೂ.

ಚೀಲ 40 ಲೀಟರ್, ತುಂಬಿದಾಗ 10 ಕಿಲೋ ದಾಟದಿರಲಿ. ಅಷ್ಟೇ ಸಾಕು, ಉಳಿದ ಬಟ್ಟೆ ಅಲ್ಲಲ್ಲೇ ಸಿಗುತ್ತದೆ.

ಎರಡು ಮೂರು ತಿಂಗಳಾದ ಮೇಲೆ ಬರುವ ಆಯಾಸಕ್ಕೂ ಸಿದ್ಧರಾಗಿ. ಎಲ್ಲಿ ಮಲಗಬೇಕು, ಯಾವ ಬಸ್ಸು, ಯಾರನ್ನು ನಂಬಬೇಕು ಎಂದು ದಿನವಿಡೀ ಒಬ್ಬರೇ ತೀರ್ಮಾನಿಸಿ ಮನಸ್ಸು ದಣಿಯುತ್ತದೆ. ಆಗ ಜನ ಊರನ್ನು ದೂರುತ್ತಾ ಇನ್ನೂ ಬೇಗ ಬೇಗ ಊರು ಬದಲಿಸುತ್ತಾರೆ, ದಣಿವು ಹೆಚ್ಚುತ್ತದೆ. ಆರೆಂಟು ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಹತ್ತು ದಿನ ನಿಂತುಬಿಡಿ. ಅಡುಗೆಮನೆ ಇರುವ ಕೋಣೆ ಹಿಡಿಯಿರಿ, ನೋಡಬೇಕಾದದ್ದೇನೂ ಇಲ್ಲದ ಊರಾದರೆ ಇನ್ನೂ ಒಳ್ಳೆಯದು. ಹೊಸ ದೇಶದಲ್ಲಿ ಮೊದಲ ಎರಡು ರಾತ್ರಿಯನ್ನು ಮಾತ್ರ ಕಾಯ್ದಿರಿಸಿ, ಹಗಲಲ್ಲೇ ತಲುಪುವ ಬಸ್ಸು ಹಿಡಿಯಿರಿ. ಪ್ರವೇಶದ ಅರ್ಜಿಯಲ್ಲಿ ಬರೆಯಲು ವಿಳಾಸವೂ ಅದರಿಂದಲೇ ಸಿಗುತ್ತದೆ.

ಕೊನೆಯದಾಗಿ, ಮನೆಯಲ್ಲಿ ಒಬ್ಬರನ್ನು ಗೊತ್ತು ಮಾಡಿ, ಅವರೊಂದಿಗೆ ದಿನನಿತ್ಯದ ಬದಲು ವಾರಕ್ಕೆರಡು ನಿಗದಿತ ದಿನ ಸಂದೇಶ ಕಳಿಸುವ ಒಪ್ಪಂದ ಮಾಡಿಕೊಳ್ಳಿ. ದಿನನಿತ್ಯದ ಮಾತು ಕೊಟ್ಟರೆ ನೆಟ್‌ವರ್ಕ್ ಇಲ್ಲದ ಮೊದಲ ಕಣಿವೆಯಲ್ಲೇ ಗಾಬರಿ ಶುರುವಾಗುತ್ತದೆ. ಸಂದೇಶದಲ್ಲಿ ಮೂರು ಸಂಗತಿ ಸಾಕು: ಈಗ ತಂಗಿರುವ ಜಾಗದ ಹೆಸರು, ಮುಂದೆ ಹೋಗುವ ದಿಕ್ಕು, ಮುಂದಿನ ಸಂದೇಶದ ದಿನ. ಅವರ ಬಳಿ ಒಂದು ಹಾಳೆ ಇರಲಿ. ಅದರಲ್ಲಿ ಪಾಸ್‌ಪೋರ್ಟ್ ಪ್ರತಿ, ವಿಮೆಯ ಸಂಖ್ಯೆ ಮತ್ತು ತುರ್ತು ಫೋನ್, ಕಾರ್ಡ್ ತಡೆಹಿಡಿಯುವ ಫೋನ್, ಹಾಗೂ ಹೇಳಿದ ದಿನಕ್ಕೆ ಸುದ್ದಿ ಬರದಿದ್ದರೆ ಮಾಡಬೇಕಾದ ಕ್ರಮ: 24 ಗಂಟೆ ಕಾಯುವುದು, ಆಮೇಲೆ ಕೊನೆಯ ವಸತಿಗೆ ಕರೆ, 48 ಗಂಟೆಗೆ ವಿಮಾ ಕಂಪನಿಯ ತುರ್ತು ಸಂಖ್ಯೆ, 72 ಗಂಟೆಗೆ ಆ ದೇಶದಲ್ಲಿರುವ ನಿಮ್ಮ ರಾಯಭಾರ ಕಚೇರಿ. ಚಾರಣಕ್ಕೋ ಹಾಯಿದೋಣಿಗೋ ಹೊರಡುವಾಗ ಈ ಗಂಟೆಗಳನ್ನು ಎಷ್ಟು ದಿನ ಮುಂದೂಡಬೇಕೆಂದು ಆ ವಾರದ ಸಂದೇಶದಲ್ಲೇ ಬರೆದು ಹೊರಡಿ.